ಬ್ಯೂನಸ್ ಐರಿಸ್‌ನಲ್ಲಿ ಪರ್ರಿಷಾ ಊಟ: ನಾನು ದನದ ಮಾಂಸ ತಿನ್ನುವುದಿಲ್ಲ, ಮನೆಯವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಏನು ಮಾಡೋಣ?

ಹಾಸನದ ಹುಡುಗ

ಆಫೀಸ್ ಕೆಲಸದ ಮೇಲೆ ಮೂರು ವಾರ ಬ್ಯೂನಸ್ ಐರಿಸ್‌ಗೆ ಹೊರಟಿದ್ದೇನೆ. ಮನೆಯವಳೂ ಜೊತೆಗೆ ಬರುತ್ತಾಳೆ. ಅಲ್ಲಿನ ಟೀಮಿನವರು ಮೊದಲ ಶುಕ್ರವಾರವೇ ನಮ್ಮಿಬ್ಬರನ್ನೂ ಪರ್ರಿಷಾಗೆ ಕರೆದಿದ್ದಾರೆ. ಕೆಂಡದ ಮೇಲೆ ಮಾಂಸ ಸುಡುವ ಹೋಟೆಲ್ ಅಂತ ಗೊತ್ತಾಯಿತು. ನಾನು ಕೋಳಿ, ಕುರಿ, ಮೀನು ತಿನ್ನುತ್ತೇನೆ. ದನದ ಮಾಂಸ ಮಾತ್ರ ಇಲ್ಲ. ಅವಳು ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಬರುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ? ಹೋದರೆ ಬರೀ ಸೌತೆಕಾಯಿ ತಿಂದು ಬರಬೇಕಾ? ಇನ್ನೊಂದು ವಿಷಯ, ಊಟ ರಾತ್ರಿ ಒಂಬತ್ತೂವರೆಗೆ ಅಂತ ಬರೆದಿದ್ದಾರೆ. ಏಳೂವರೆ ಅನ್ನಲು ಹೋಗಿ ತಪ್ಪಾಗಿದೆಯಾ?

ಮುಧೋಳದ ಬಸವ

ತಪ್ಪಾಗಿಲ್ಲ ಸರ್, ಒಂಬತ್ತೂವರೆನೇ. ನಾನು ಆರು ವರ್ಷದಿಂದ ಈ ಊರಿನಲ್ಲಿದ್ದೇನೆ. ಎಂಟಕ್ಕೆ ಹೋದರೆ ಸಪ್ಲೈಯರ್‌ಗಳು ಇನ್ನೂ ಟೇಬಲ್ ಒರೆಸುತ್ತಿರುತ್ತಾರೆ. ಇಲ್ಲಿ ಒಂಬತ್ತೂವರೆ ಆದಾಗ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ ಆರು. ಮೊದಲ ವಾರ ನಿಮ್ಮ ಹೊಟ್ಟೆ ಆ ಹೊತ್ತಿಗೆ ಊಟ ಬಿಟ್ಟು ಕಾಫಿ ಕೇಳುತ್ತದೆ. ಸಂಜೆ ಆರಕ್ಕೆ ಏನಾದರೂ ತಿಂದುಕೊಂಡು ಹೋಗಿ. ಇಲ್ಲಿಯವರೂ ಸಂಜೆ ‘ಮೆರಿಯೆಂದಾ’ ಅಂತ ಕಾಫಿ ತಿಂಡಿ ಮಾಡಿಯೇ ರಾತ್ರಿಯವರೆಗೆ ತಡೆಯುತ್ತಾರೆ.

ಪರ್ರಿಷಾ ಅಂದರೆ ನಿಜವಾಗಿ ಆ ಕಬ್ಬಿಣದ ಜಾಲರಿ. ಹೋಟೆಲಿಗೂ ಅದೇ ಹೆಸರು ಬಂತು. ಸ್ಪೇನಿನವರು ‘ಪರ್ರಿಯಾ’ ಅನ್ನುತ್ತಾರೆ. ಈ ಊರಿನವರ ಬಾಯಲ್ಲಿ ಆ ‘ಯ’ ‘ಷ’ ಆಗುತ್ತದೆ. ಕೋಳಿಗೆ ‘ಪೋಯೊ’ ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ‘ಪೋಷೊ’ ಅಂದರೆ ಮುಖ ಅರಳುತ್ತದೆ.

ಕೂರುವ ಮೊದಲು ಒಲೆಯ ಹತ್ತಿರ ಹೋಗಿ ನೋಡಿ. ಯಾರೂ ಬೇಡ ಅನ್ನುವುದಿಲ್ಲ. ಉರಿಯ ಮೇಲೆ ಇವರು ಏನನ್ನೂ ಸುಡುವುದಿಲ್ಲ. ಒಂದು ಮೂಲೆಯಲ್ಲಿ ಕಬ್ಬಿಣದ ಬುಟ್ಟಿ, ಅದರಲ್ಲಿ ಕಟ್ಟಿಗೆ ಉರಿಯುತ್ತಿರುತ್ತದೆ. ಕೆಳಗೆ ಉದುರಿದ ಕೆಂಡವನ್ನು ಸಲಿಕೆಯಲ್ಲಿ ಎಳೆದು ಜಾಲರಿಯ ಅಡಿಗೆ ಹರಡುತ್ತಾರೆ. ಒಳ್ಳೆಯ ಕಟ್ಟಿಗೆ ಅಂದರೆ ಕೆಬ್ರಾಚೊ. ಹೆಸರಿನ ಅರ್ಥವೇ ‘ಕೊಡಲಿ ಮುರಿಯುವ ಮರ’. ನೀರಿಗೆ ಹಾಕಿದರೆ ಮುಳುಗುತ್ತದೆ, ಅಷ್ಟು ಗಟ್ಟಿ. ನಮ್ಮ ಜಾಲಿ ಕೆಂಡದ ಹಾಗೆಯೇ, ಬೇಗ ಆರುವುದಿಲ್ಲ. ಬಹಳ ಹೋಟೆಲುಗಳಲ್ಲಿ ಇದ್ದಿಲೇ ಇರುತ್ತದೆ, ಅದರಲ್ಲೂ ತಪ್ಪೇನಿಲ್ಲ.

ಜಾಲರಿಯ ಸರಳುಗಳು ಸಣ್ಣ ಕಾಲುವೆಯ ಹಾಗಿರುತ್ತವೆ, ಮುಂದಕ್ಕೆ ಸ್ವಲ್ಪ ಇಳಿಜಾರು. ಕೊಬ್ಬು ಕೆಂಡಕ್ಕೆ ಬಿದ್ದು ಹೊಗೆ ಏಳದೆ ಮುಂದಿನ ತಟ್ಟೆಗೆ ಹರಿದು ಹೋಗುತ್ತದೆ. ಪಕ್ಕದಲ್ಲಿ ಬಾವಿಯ ರಾಟೆಯ ಥರ ಒಂದು ಚಕ್ರ, ತಿರುಗಿಸಿದರೆ ಜಾಲರಿ ಮೇಲೆ ಕೆಳಗೆ ಹೋಗುತ್ತದೆ. ಶಾಖ ಎಷ್ಟಿದೆ ಅಂತ ನೋಡುವುದು ಅಂಗೈಯಿಂದ. ಜಾಲರಿಯ ಮೇಲೆ ಕೈ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಾರೆ. ಮಸಾಲೆ ಇಲ್ಲ, ನೆನೆಸುವುದಿಲ್ಲ. ದಪ್ಪ ಉಪ್ಪು, ಅಷ್ಟೆ.

ಬರುವುದಿಲ್ಲ ಅಂದರೆ ಜಗಳವೇನೂ ಆಗುವುದಿಲ್ಲ. ಆದರೆ ಅವರು ಕರೆದಿರುವುದು ಜೊತೆಗೆ ಕೂತು ಮಾತಾಡಲು. ತಟ್ಟೆಯಲ್ಲಿ ಏನಿದೆ ಅಂತ ಯಾರೂ ಇಣುಕಿ ನೋಡುವುದಿಲ್ಲ.

ಒಂದು ಮಾತು ಮಾತ್ರ ಬರೆದಿಟ್ಟುಕೊಳ್ಳಿ. ನಿಘಂಟಿನಲ್ಲಿ ‘ಕಾರ್ನೆ’ ಅಂದರೆ ಮಾಂಸ. ಇಲ್ಲಿಯವರ ಬಾಯಲ್ಲಿ ಕಾರ್ನೆ ಅಂದರೆ ದನದ ಮಾಂಸ ಮಾತ್ರ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಅಂತ ಹೇಳಿದರೆ ಪಾಪ ನಗುತ್ತಾ ಕೋಳಿ ತರುತ್ತಾರೆ. ಇಲ್ಲದಿದ್ದರೆ ಹಂದಿಯ ಹ್ಯಾಮ್.

ಮಲೆನಾಡಿನ ಮಳೆ

ಬಸವಣ್ಣ ಹೇಳಿದ್ದೆಲ್ಲ ಸರಿ, ಆದರೆ ಅವರು ತಿನ್ನುವವರು. ನಾನು ಎರಡು ವರ್ಷ ಅಲ್ಲಿ ಸಸ್ಯಾಹಾರಿಯಾಗಿ ಇದ್ದು ಬಂದವಳು. ಆ ಕಡೆಯ ಮಾತನ್ನೂ ಕೇಳಿ.

ಮೊದಲು ವಾಸನೆ. ಒಳಗೆ ಕಾಲಿಟ್ಟರೆ ಮುಖಕ್ಕೆ ಹೊಡೆಯುತ್ತದೆ. ಸೀರೆಯೋ ಸ್ವೆಟರೋ, ಮೂರು ದಿನ ಹೋಗುವುದಿಲ್ಲ. ನಿಮ್ಮ ಮನೆಯವರಿಗೆ ಅದು ಆಗುವುದಿಲ್ಲ ಅಂದರೆ ಬಲವಂತ ಮಾಡಬೇಡಿ. ಪರವಾಗಿಲ್ಲ ಅಂದರೆ ಹೊರಗಿನ ಟೇಬಲ್ ಕೇಳಿ, ‘ಅಫುಯೆರಾ’ ಅಂದರೆ ಸಾಕು. ಫುಟ್‌ಪಾತಿನ ಮೇಲೇ ಹಾಕಿರುತ್ತಾರೆ.

ಎರಡನೆಯದು ಯಾರೂ ಹೇಳದ ವಿಷಯ: ಹಿಟ್ಟು. ಅಲ್ಲಿ ಎಂಪನಾದಾ ಅಂತ ಕರ್ಜಿಕಾಯಿ ಆಕಾರದ ಖಾರದ ತಿಂಡಿ, ಅದರ ಹೊರಗಿನ ಹಿಟ್ಟಿಗೆ, ಕೆಲವು ಬ್ರೆಡ್ಡಿಗೆ, ಬಿಸ್ಕತ್ತಿಗೆ ದನದ ಕೊಬ್ಬು ಹಾಕುವುದು ಮಾಮೂಲಿ. ಅದಕ್ಕೆ ‘ಗ್ರಾಸಾ’ ಅನ್ನುತ್ತಾರೆ. ಒಳಗೆ ಜೋಳದ ‘ಉಮಿತಾ’ ತುಂಬಿದ ಎಂಪನಾದಾ ಕೊಟ್ಟು ಇದು ತರಕಾರಿಯದ್ದು ಅನ್ನುತ್ತಾರೆ. ಸುಳ್ಳಲ್ಲ. ಆದರೆ ಹಿಟ್ಟಿನಲ್ಲಿ ಏನಿದೆ ಅಂತ ಕೇಳಬೇಕು. ಬೆಳಗಿನ ತಿಂಡಿಗೆ ತಿನ್ನುವ ಅರ್ಧಚಂದ್ರ ಆಕಾರದ ಬನ್ನು, ಮೆದಿಯಾಲುನಾ, ಅದರಲ್ಲೂ ಎರಡು ಜಾತಿ. ‘ದೆ ಮಾಂತೆಕಾ’ ಅಂದರೆ ಬೆಣ್ಣೆಯದ್ದು, ‘ದೆ ಗ್ರಾಸಾ’ ಅಂದರೆ ಕೊಬ್ಬಿನದ್ದು. ನಾನು ಎರಡು ತಿಂಗಳು ಎರಡನೆಯದನ್ನು ತಿಂದೆ. ಗರಿಗರಿಯಾಗಿ ಚೆನ್ನಾಗಿತ್ತು, ಅದೇ ಬೇಜಾರು.

ಮೂರನೆಯದು ಜಾಲರಿ. ಮೆಣಸಿನಕಾಯಿ, ಬದನೆಕಾಯಿ ಸುಟ್ಟು ಕೊಡುತ್ತಾರೆ, ಆದರೆ ಅದೇ ಜಾಲರಿ, ಅದೇ ಇಕ್ಕಳ. ಅದು ಬೇಡ ಅನ್ನುವವರಿಗೆ ಒಂದು ದಾರಿ ಇದೆ. ‘ಪಾಪಾ ಅಲ್ ಪ್ಲೊಮೊ’ ಕೇಳಿ. ಆಲೂಗಡ್ಡೆಯನ್ನು ಫಾಯಿಲ್‌ನಲ್ಲಿ ಸುತ್ತಿ ಕೆಂಡದಲ್ಲಿ ಹೂತು ಬೇಯಿಸುವುದು. ಗೆಣಸಿನದ್ದಾದರೆ ‘ಬತಾತಾ ಅಲ್ ಪ್ಲೊಮೊ’. ಎಲ್ಲ ಕಡೆ ಸಿಗುವುದಿಲ್ಲ, ಕೇಳಿದರೆ ಕೆಲವರು ಮಾಡಿಕೊಡುತ್ತಾರೆ. ವಿನಿಗರ್ ಎಣ್ಣೆಯಲ್ಲಿ ಹಾಕಿಟ್ಟ ಬದನೆಕಾಯಿ, ‘ಬೆರೆನ್ಹೇನಾ ಎನ್ ಎಸ್ಕಬೆಚೆ’, ತಣ್ಣಗೆ ಬರುತ್ತದೆ. ನಮ್ಮ ಉಪ್ಪಿನಕಾಯಿಯ ತಂಗಿ ಅನ್ನಬಹುದು.

ಪ್ರೊವೊಲೆತಾ ಅಂತ ಸುಟ್ಟ ಚೀಸ್ ಇರುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಚೀಸ್ ಹೆಪ್ಪು ಹಾಕಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದು. ಅದನ್ನು ಲೆಕ್ಕಕ್ಕೆ ಹಿಡಿಯುವುದು ಬಿಡುವುದು ಅವರವರಿಗೆ ಬಿಟ್ಟಿದ್ದು.

ನನ್ನ ಅಭಿಪ್ರಾಯ ಕೇಳಿದರೆ, ಅವರಿಗೆ ಇದೆಲ್ಲ ಕಿರಿಕಿರಿ ಅನಿಸಿದರೆ ಆ ರಾತ್ರಿ ನೀವೊಬ್ಬರೇ ಹೋಗಿ. ಅವರನ್ನು ಬೇರೆ ದಿನ ಕೊರಿಯೆಂತೆಸ್ ರಸ್ತೆಯ ಗ್ವೆರಿನ್‌ಗೆ ಕರೆದುಕೊಂಡು ಹೋಗಿ. 1932ರಿಂದ ಇರುವ ಪಿಜ್ಜಾ ಅಂಗಡಿ. ಈರುಳ್ಳಿ ರಾಶಿ ಹಾಕಿದ ಫುಗಸೆತಾ ನಿಂತುಕೊಂಡೇ ತಿನ್ನಬಹುದು.

ಬನ್ನೂರು ಗೌಡ

ಗುರು, ಕುರಿ ತಿನ್ನುತ್ತೀಯ ಅಂದೆಯಲ್ಲ, ಹಾಗಿದ್ರೆ ಚಿಂತೆ ಯಾಕೆ? ‘ಕೊರ್ದೆರೊ ಪತಗೋನಿಕೊ’ ಕೇಳು. ಪತಗೋನಿಯಾದ ಕುರಿಮರಿ. ದಕ್ಷಿಣದಲ್ಲಿ ಇಡೀ ಮರಿಯನ್ನು ಕಬ್ಬಿಣದ ಶಿಲುಬೆಗೆ ಬಿಗಿದು ಬೆಂಕಿಯ ಪಕ್ಕ ನಿಲ್ಲಿಸಿ ಗಂಟೆಗಟ್ಟಲೆ ಸುಡುತ್ತಾರೆ. ನಾನು ಬರಿಲೋಚೆಯಲ್ಲಿ ತಿಂದೆ. ಬನ್ನೂರು ಕುರಿಗೆ ಸಮ ಅನ್ನುವುದಿಲ್ಲ, ಅಂದರೆ ಊರಿಗೆ ಸೇರಿಸುವುದಿಲ್ಲ. ಆದರೆ ಎರಡನೇ ಸಲ ಹಾಕಿಸಿಕೊಂಡೆ. ರಾಜಧಾನಿಯ ಎಲ್ಲ ಹೋಟೆಲಿನಲ್ಲೂ ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳು.

ಚಿಂಚುಲಿನೆಸ್ ಅಂತ ಬರೆದಿದ್ದರೆ ಅದು ಸಣ್ಣ ಕರುಳು, ನಮ್ಮ ಬೋಟಿ. ಸಾಮಾನ್ಯವಾಗಿ ದನದ್ದು. ಮೊರ್ಸಿಷಾ ಅಂದರೆ ರಕ್ತ ತುಂಬಿದ ಸಾಸೇಜ್. ತಿನ್ನದವರು ತಪ್ಪಿ ಕೇಳಬೇಡಿ.

ಕುಡ್ಲದ ಹೊಟ್ಟೆ

ತಿನ್ನುವವರ ಕಡೆಯಿಂದ ಒಬ್ಬರಾದರೂ ಬರೆಯಬೇಕಲ್ಲ. ನಾನು ಮಂಗಳೂರಿನವನು, ನಮ್ಮ ಮನೆಯಲ್ಲಿ ಎಲ್ಲವೂ ಆಗುತ್ತದೆ.

‘ಬಿಫೆ ದೆ ಚೊರಿಸೊ’ ಅಂದರೆ ಸಾಸೇಜ್ ಅಲ್ಲ. ಬೆನ್ನಿನ ಕಡೆಯ ದಪ್ಪ ತುಂಡು, ಒಂದು ಅಂಚಿಗೆ ಕೊಬ್ಬಿನ ಪಟ್ಟಿ. ಬರೀ ‘ಚೊರಿಸೊ’ ಅಂದರೆ ಸಾಸೇಜ್. ಅದರಲ್ಲಿ ಹಂದಿ ದನ ಎರಡೂ ಬೆರೆತಿರುವುದೇ ಹೆಚ್ಚು, ಹಾಸನದವರು ಹುಷಾರು. ‘ಒಹೊ ದೆ ಬಿಫೆ’ ಮೆತ್ತಗೆ. ‘ಎಂತ್ರಾನ್ಯಾ’ ತೆಳು, ಬೇಗ ಆಗುತ್ತದೆ, ನನ್ನ ಮಟ್ಟಿಗೆ ರುಚಿಯಲ್ಲಿ ಅದೇ ಮೊದಲು. ‘ಬಾಸಿಯೊ’ ಮತ್ತು ಅಡ್ಡಕ್ಕೆ ಕತ್ತರಿಸಿದ ಪಕ್ಕೆಲುಬಿನ ‘ತಿರಾ’ ನಿಧಾನದ ಬಾಬತ್ತು. ಎಲುಬಿನ ಕಡೆ ಕೆಳಗೆ ಮಾಡಿ ಇಟ್ಟು ಮರೆತುಬಿಡಬೇಕು, ಒಂದೇ ಸಲ ತಿರುವಬೇಕು. ಪದೇ ಪದೇ ತಿರುವಿದರೆ ಸುಡುವವನಿಗೆ ಸಿಟ್ಟು ಬರುತ್ತದೆ. ನಮ್ಮಮ್ಮನ ನೀರುದೋಸೆಯ ಕಾವಲಿ ಹತ್ತಿರ ಹೋದ ಹಾಗೆ.

ಎಷ್ಟು ಬೇಯಬೇಕು ಅಂತ ಕೇಳುತ್ತಾರೆ. ಒಳಗೆ ಕೆಂಪು ರಸ ಬೇಕಿದ್ದರೆ ‘ಹುಗೊಸೊ’, ನಡುವಿನದ್ದು ‘ಅ ಪುಂತೊ’, ಪೂರ್ತಿ ಬೆಂದದ್ದು ‘ಬಿಯೆನ್ ಕೊಸಿದೊ’. ಒಂದು ಬಿಫೆ 400 ಗ್ರಾಮಿಗೆ ಕಡಿಮೆ ಇರುವುದು ಅಪರೂಪ. ಇಬ್ಬರಿಗೆ ಒಂದು ಸಾಕು. ನಾನು ಮೊದಲ ಸಲ ಒಬ್ಬನೇ ಒಂದು ಹೇಳಿ, ಜೊತೆಗೆ ಮೊಷೇಹಾಸ್ ಕೂಡ ಹೇಳಿದೆ. ಅದು ಕರುವಿನ ಕುತ್ತಿಗೆಯ ಹತ್ತಿರದ ಗ್ರಂಥಿ. ಮೇಲೆ ಗರಿಗರಿ, ಒಳಗೆ ಬೆಣ್ಣೆ, ನಿಂಬೆ ಹಿಂಡಿಕೊಂಡು ತಿನ್ನಬೇಕು. ಆ ರಾತ್ರಿ ಮಲಗಿದ್ದು ಮೂರು ಗಂಟೆಗೆ.

ಸಾನ್ ತೆಲ್ಮೊದ ಲಾ ಬ್ರಿಗಾದಾದಲ್ಲಿ ಮಾಂಸವನ್ನು ಚಮಚದಲ್ಲಿ ಕತ್ತರಿಸಿ ತೋರಿಸುತ್ತಾರೆ. ಸ್ವಲ್ಪ ನಾಟಕ, ಆದರೂ ನೋಡಬೇಕು. ಪಲೆರ್ಮೊದ ದೋನ್ ಹುಲಿಯೊ 1999ರಲ್ಲಿ ಶುರುವಾದದ್ದು, ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ 2023ರಲ್ಲಿ ಅರ್ಜೆಂಟೀನಾಕ್ಕೆ ಮೊದಲ ಸಲ ಬಂದಾಗ ನಕ್ಷತ್ರ ಸಿಕ್ಕ ಜಾಗ. ಗೋಡೆ ತುಂಬ ಗಿರಾಕಿಗಳು ಸಹಿ ಹಾಕಿದ ಖಾಲಿ ಬಾಟಲಿಗಳು. ಬಹಳ ಮುಂಚೆ ಬುಕ್ ಮಾಡದಿದ್ದರೆ ಸರದಿಯಲ್ಲಿ ನಿಲ್ಲಬೇಕು. ನಿಂತವರಿಗೆ ಎಂಪನಾದಾ, ವೈನ್ ಕೊಡುತ್ತಾರೆ. ನನ್ನನ್ನು ಕೇಳಿದರೆ ಗಲ್ಲಿಯ ಸಾಧಾರಣ ಪರ್ರಿಷಾ ಇನ್ನೂ ಖುಷಿ. ಅಲ್ಲಿ ಮನೆಯ ವೈನನ್ನು ಪೆಂಗ್ವಿನ್ ಆಕಾರದ ಜಗ್ಗಿನಲ್ಲಿ ತಂದಿಡುತ್ತಾರೆ, ಕೊಕ್ಕಿನಿಂದ ಸುರಿಯುತ್ತದೆ. ಅದನ್ನು ನೋಡಿ ನಗದಿರುವುದು ಕಷ್ಟ.

ಕೊಡಗಿನ ಕಾಫಿ

ಹಂದಿ ಆಗುವುದಾದರೆ ‘ಬೊಂದಿಯೊಲಾ’ ಕೇಳಿ. ಭುಜದ ಕಡೆಯದು, ನಿಂಬೆಹಣ್ಣಿನ ಜೊತೆ. ಅದಕ್ಕೆ ಚಿಮಿಚುರಿ ಹಾಕಿಕೊಳ್ಳಿ. ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ಓರೆಗಾನೊ, ವಿನಿಗರ್, ಎಣ್ಣೆ, ಸ್ವಲ್ಪ ಮೆಣಸಿನಕಾಯಿ ತರಿ. ಕೊತ್ತಂಬರಿ ಸೊಪ್ಪು ಹಾಕುವುದಿಲ್ಲ, ಇಲ್ಲಿ ಬೆಂಗಳೂರಿನಲ್ಲಿ ಚಿಮಿಚುರಿ ಅಂತ ಹಸಿರು ಚಟ್ನಿ ಕೊಡುತ್ತಾರಲ್ಲ ಅದು ಬೇರೆ. ನಮ್ಮ ಕಾಚಂಪುಳಿಯ ಮುಂದೆ ಆ ಹುಳಿ ಮಗು. ಖಾರ ಅಂತೂ ಇಲ್ಲವೇ ಇಲ್ಲ. ಚಟ್ನಿಪುಡಿ ಒಯ್ಯಿರಿ.

ತುಂಗಾತೀರದವನು

ದನ ತಿನ್ನುವವರ ಊರಿಗೆ ಹೋಗಿ ಅವರ ಬೆಂಕಿಯ ಮುಂದೆ ಕೂತು ಗೆಣಸು ತಿನ್ನುವ ಕರ್ಮ ಯಾಕೆ? ರೂಮಿನಲ್ಲಿ ಅನ್ನ ಮಾಡಿಕೊಳ್ಳಿ.

ಮುಧೋಳದ ಬಸವ

ನಿಮ್ಮ ಇಷ್ಟ ಸರ್. ಆದರೆ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಕೃಷ್ಣಾ ಕಣಿವೆ ತಳಿಯ ಎತ್ತುಗಳಿದ್ದವು. ಕರಿಮಣ್ಣಿನ ಹೊಲಕ್ಕೆ ಅವೇ ಸರಿ. ಈಗ ಊರಲ್ಲಿ ಹುಡುಕಿದರೂ ಕಡಿಮೆ. ಇಲ್ಲಿಗೆ ಬಂದ ಮೇಲೆ ಒಬ್ಬ ದನದ ಡಾಕ್ಟರ ಪರಿಚಯವಾಯಿತು. ಪಂಪಾ ಬಯಲಿನಲ್ಲಿ ಆಂಗಸ್, ಹಿಯರ್‌ಫರ್ಡ್ ಸಾಕುತ್ತಾರೆ, ತಂಪು ಹವೆಯವು. ಚಾಕೊ, ಫೊರ್ಮೋಸಾ ಅಂತ ಉತ್ತರದ ಬಿಸಿಲಿನ ಕಡೆ ಅವು ತಡೆಯುವುದಿಲ್ಲ. ಅಲ್ಲಿ ಬ್ರಾಂಗಸ್ ಸಾಕುತ್ತಾರೆ. ಆಂಗಸ್ ಮತ್ತು ಬ್ರಾಹ್ಮನ್ ಸೇರಿಸಿದ ತಳಿ. ಬ್ರಾಹ್ಮನ್ ಅನ್ನುವುದನ್ನು ಅಮೆರಿಕದಲ್ಲಿ ನಮ್ಮ ದೇಶದ ದನಗಳಿಂದ ಕಟ್ಟಿದ್ದು: ಗಿರ್, ಕಾಂಕ್ರೇಜ್, ಓಂಗೋಲ್, ಅದರ ಜೊತೆ ಸ್ವಲ್ಪ ಕೃಷ್ಣಾ ಕಣಿವೆ. ಡುಬ್ಬ, ಗಂಗೆದೊಗಲು, ಬಿಸಿಲು ತಡೆಯುವ ಗುಣ ಎಲ್ಲ ಅಲ್ಲಿಂದ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಹೊಲಾ ಉಳತಾವೇನು?’ ಅಂತ ಕೇಳಿದರು. ಇಲ್ಲ ಅಪ್ಪಾ ಅಂದೆ. ಫೋನ್ ಇಟ್ಟುಬಿಟ್ಟರು.

ನಾನೂ ದನ ತಿನ್ನುವುದಿಲ್ಲ. ಆರು ವರ್ಷದಿಂದ ಪ್ರತಿ ಭಾನುವಾರ ಗೆಳೆಯರ ಮನೆಯ ಅಸಾದೊಗೆ, ಅಂದರೆ ಕೆಂಡದ ಮೇಲೆ ಸುಟ್ಟು ಎಲ್ಲರೂ ಕೂತು ತಿನ್ನುವ ಊಟಕ್ಕೆ, ಮಾತ್ರ ತಪ್ಪದೆ ಹೋಗುತ್ತೇನೆ. ನನ್ನ ಕೋಳಿಗೆ ಜಾಲರಿಯ ಎಡ ಮೂಲೆ. ಇಲ್ಲಿಯವರೂ ಮೊದಲಿನಷ್ಟು ತಿನ್ನುವುದಿಲ್ಲ. 1950ರ ದಶಕದಲ್ಲಿ ವರ್ಷಕ್ಕೆ ಒಬ್ಬೊಬ್ಬರು 100 ಕಿಲೋದ ಹತ್ತಿರ ತಿನ್ನುತ್ತಿದ್ದರಂತೆ. ಈಗ ಅದರ ಅರ್ಧ. ಬೆಲೆ ಹಾಗಿದೆ. 2023ರಲ್ಲಿ ಹಣದುಬ್ಬರ 211 ಪರ್ಸೆಂಟ್ ಇತ್ತು. ಮೆನು ಕಾರ್ಡಿನ ಬೆಲೆಯ ಮೇಲೆ ಸ್ಟಿಕ್ಕರ್, ಅದರ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸುತ್ತಿದ್ದರು.

ತುಂಗಾತೀರದವನು

ಎತ್ತಿನ ವಿಷಯ ಗೊತ್ತಿರಲಿಲ್ಲ. ಸರಿ ಬಿಡಿ.

ಶಿರಸಿ ಸುಬ್ಬಿ

ಬಿಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ‘ಕುಬಿಯೆರ್ತೊ’ ಅಂತ ತಲೆಗೆ ಇಷ್ಟು ಅಂತ ಒಂದು ಸಾಲು ಇರುತ್ತದೆ. ಬ್ರೆಡ್ಡು, ತಟ್ಟೆ, ಚಮಚದ ಲೆಕ್ಕ. ನಾವು ಬ್ರೆಡ್ ಮುಟ್ಟಲಿಲ್ಲ ಅಂತ ನಮ್ಮೆಜಮಾನರು ಹತ್ತು ನಿಮಿಷ ವಾದ ಮಾಡಿದರು, ಕನ್ನಡದಲ್ಲೇ. ಕೊಟ್ಟು ಬಂದೆವು. ಟಿಪ್ಸ್ ಅದರಲ್ಲಿ ಸೇರಿರುವುದಿಲ್ಲ. ಹತ್ತು ಪರ್ಸೆಂಟ್ ಬೇರೆ ಇಡಬೇಕು, ನಗದು ಆದರೆ ಒಳ್ಳೆಯದು. ಬಿಲ್ಲನ್ನು ನಾವು ಕೇಳದೆ ಅವರಾಗಿ ತರುವುದಿಲ್ಲ.

ಇನ್ನೊಂದು. ಮಾಂಸ ತಿನ್ನುವವರಿಗೆ ಮಾತ್ರ. ಅರ್ಜೆಂಟೀನಾದಲ್ಲಿ ‘ಚಿವಿತೊ’ ಅಂದರೆ ಆಡಿನ ಮರಿ. ನದಿ ದಾಟಿ ಮೊಂಟೆವಿಡಿಯೊಗೆ ಹೋದರೆ ಚಿವಿತೊ ಅಂದರೆ ದನದ ಮಾಂಸದ ಸ್ಯಾಂಡ್‌ವಿಚ್, ಜೊತೆಗೆ ಹ್ಯಾಮ್, ಮೊಟ್ಟೆ. ಯಾರೋ ಗಿರಾಕಿ ಆಡಿನ ಮರಿ ಕೇಳಿದಾಗ ಇಲ್ಲದೆ ಇದನ್ನು ಮಾಡಿಕೊಟ್ಟರು, ಹೆಸರು ಉಳಿಯಿತು ಅಂತ ಅಲ್ಲಿಯವರು ಕಥೆ ಹೇಳುತ್ತಾರೆ. ನಮ್ಮ ಭಾವ ಆಡು ಅಂತ ನಂಬಿ ಅರ್ಧ ತಿಂದ ಮೇಲೆ ಗೊತ್ತಾಯಿತು. ಊರಿಗೆ ಬಂದು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಹಾಸನದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು, ಇಬ್ಬರೂ. ಉದ್ದ ಬರೆಯುತ್ತೇನೆ, ಕ್ಷಮಿಸಿ.

ಒಂಬತ್ತೂವರೆಗೆ ಸರಿಯಾಗಿ ಹೋದೆವು. ಟೀಮಿನವರು ಬಂದಿದ್ದು ಹತ್ತಕ್ಕೆ. ಅಷ್ಟು ಹೊತ್ತು ಏನು ಮಾಡುವುದು, ಬಸವ ಸರ್ ಹೇಳಿದ ಹಾಗೆ ಒಲೆ ನೋಡುತ್ತಾ ನಿಂತೆವು. ಸುಡುವವರಿಗೆ ಅರವತ್ತು ದಾಟಿರಬೇಕು. ಹೆಗಲ ಮೇಲೊಂದು ಟವೆಲ್, ನಮ್ಮ ಕಡೆ ಅಡುಗೆ ಭಟ್ಟರ ಹಾಗೆ. ನಾನು ಫೋನಿನಲ್ಲಿ ಬರೆದಿಟ್ಟಿದ್ದನ್ನು ತೋರಿಸಿದೆ: ಕಾರ್ನೆ ಬೇಡ, ಕೋಳಿ ಬೇಡ, ಮೀನು ಬೇಡ, ಹ್ಯಾಮ್ ಬೇಡ, ಮೊಟ್ಟೆ ಬೇಡ, ಗ್ರಾಸಾ ಬೇಡ. ಅವರು ಓದಿ ಇವಳನ್ನು ನೋಡಿದರು. ಮತ್ತೆ ಓದಿದರು. ‘ಪೊಬ್ರೆಸಿತಾ’ ಅಂದರು. ‘ಅಯ್ಯೋ ಪಾಪ’ ಅಂತ ಅರ್ಥವಂತೆ, ಆಮೇಲೆ ಟೀಮಿನವರು ಹೇಳಿದರು.

ಮಳೆ ಮೇಡಂ ಹೇಳಿದ ಗೆಣಸು ಮೆನುವಿನಲ್ಲಿ ಇರಲಿಲ್ಲ. ಕೇಳಿದೆ. ಅವರು ಒಳಗೆ ಹೋಗಿ ಒಂದು ಗೆಣಸು, ಒಂದು ಈರುಳ್ಳಿ, ಒಂದು ಕೆಂಪು ದೊಣ್ಣೆ ಮೆಣಸಿನಕಾಯಿ ತಂದರು. ಮೂರನ್ನೂ ಬೇರೆ ಬೇರೆ ಫಾಯಿಲ್‌ನಲ್ಲಿ ಸುತ್ತಿ ಇವಳ ಕಣ್ಣೆದುರೇ ಕೆಂಡದ ಬದಿಗೆ ತಳ್ಳಿದರು. ನಲವತ್ತು ನಿಮಿಷ ಅಂತ ಬೆರಳಲ್ಲಿ ತೋರಿಸಿದರು.

ಟೇಬಲಿನಲ್ಲಿ ಒಂದು ಎಡವಟ್ಟಾಯಿತು. ಅವಳಿಗೆ ಅಂತ ಪ್ರೊವೊಲೆತಾ ಹೇಳಿದ್ದೆವು. ಸಣ್ಣ ಕಬ್ಬಿಣದ ಬಾಣಲೆಯಲ್ಲಿ ಬಂತು, ಅಂಚು ಗರಿಗರಿ, ಮೇಲೆ ಓರೆಗಾನೊ. ಅಡಿಯಲ್ಲಿ ಹ್ಯಾಮ್ ಚೂರು. ಸಪ್ಲೈಯರಿಗೆ ಹೇಳಿದರೆ ‘ಸ್ವಲ್ಪವೇ ಇದೆ’ ಅಂದ. ವಾಪಸ್ ಕಳಿಸಿದೆವು. ಎರಡನೇದು ಸರಿಯಾಗಿ ಬಂತು, ಆದರೆ ಅವಳಿಗೆ ಆಗಲೇ ಮನಸ್ಸು ಮುರಿದಿತ್ತು. ಅದನ್ನು ನಾನೇ ತಿಂದೆ. ಸತ್ಯ ಹೇಳಬೇಕೆಂದರೆ ಆ ರಾತ್ರಿ ನಾನು ತಿಂದಿದ್ದರಲ್ಲಿ ಅದೇ ಮೇಲು. ನನ್ನ ಕೋಳಿ ಸಪ್ಪೆ, ಎದೆಯ ಭಾಗ ಒಣಗಿತ್ತು. ಕುರಿ ಇರಲಿಲ್ಲ, ಗೌಡ್ರೇ.

ಆಮೇಲೆ ಗೆಣಸು ಬಂತು. ತಂದಿದ್ದು ಸಪ್ಲೈಯರ್ ಅಲ್ಲ, ಆ ಯಜಮಾನರೇ. ಫಾಯಿಲ್ ಬಿಚ್ಚಿ, ನಡುವೆ ಸೀಳಿ, ಬೆಣ್ಣೆ ಇಟ್ಟು, ಉಪ್ಪು ಉದುರಿಸಿ ನಿಂತರು. ಇವಳು ಒಂದು ತುತ್ತು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತಳು. ‘ಏನಾಯ್ತು?’ ಅಂದೆ. ‘ಸಕಲೇಶಪುರದ ಅಜ್ಜಿ ಮನೆಯಲ್ಲಿ ಬಚ್ಚಲ ಒಲೆಗೆ ಗೆಣಸು ಹಾಕಿಡುತ್ತಿದ್ದರು. ನಾವು ಸ್ನಾನ ಮಾಡಿ ಬರುವಷ್ಟರಲ್ಲಿ ಆಗಿರುತ್ತಿತ್ತು’ ಅಂದಳು. ಇದನ್ನು ಸ್ಪ್ಯಾನಿಷ್‌ಗೆ ತಿರುಗಿಸಿ ಅವರಿಗೆ ಹೇಳಲು ನಮ್ಮ ಟೀಮಿನ ಹುಡುಗಿಗೆ ಐದು ನಿಮಿಷ ಹಿಡಿಯಿತು. ಬಚ್ಚಲ ಒಲೆ ಅನ್ನುವುದನ್ನು ಅವಳು ಹೇಗೆ ಹೇಳಿದಳೋ ಗೊತ್ತಿಲ್ಲ. ಅವರು ಹೋಗಿ ಇನ್ನೊಂದು ಗೆಣಸು ಹೂತು ಬಂದರು.

ಕೊನೆಗೆ ಸಿಹಿ. ಫ್ಲಾನ್‌ನಲ್ಲಿ ಮೊಟ್ಟೆ. ಅವಳಿಗೆ ಚೀಸ್ ತುಂಡಿನ ಮೇಲೆ ಗೆಣಸಿನ ಗಟ್ಟಿ ಹಲ್ವದಂಥದ್ದು ಇಟ್ಟು ಕೊಟ್ಟರು, ‘ಕೇಸೊ ಈ ದುಲ್ಸೆ’. ಒಂದೇ ದಿನ ಮೂರು ಸಲ ಗೆಣಸು. ನಾನು ಫ್ಲಾನ್ ಜೊತೆ ದುಲ್ಸೆ ದೆ ಲೆಚೆ ಹಾಕಿಸಿಕೊಂಡೆ. ಹಾಲು ಸಕ್ಕರೆ ಕುದಿಸಿ ಕುದಿಸಿ ಕಂದು ಮಾಡಿದ್ದು. ಬೆಳಗಾವಿ ಕುಂದಾವನ್ನು ನುಣ್ಣಗೆ ಅರೆದ ಹಾಗೆ ಅನ್ನಿ.

ಎದ್ದಾಗ ಒಂದು ಗಂಟೆ ದಾಟಿತ್ತು. ಊಟ ಮುಗಿದು ಒಂದೂವರೆ ಗಂಟೆಯಾದರೂ ಯಾರೂ ಏಳಲಿಲ್ಲ, ಬಿಲ್ಲೂ ಬರಲಿಲ್ಲ. ಈ ಹರಟೆಗೆ ‘ಸೊಬ್ರೆಮೆಸಾ’ ಅಂತ ಹೆಸರೇ ಇದೆಯಂತೆ. ವಾಸನೆ ಬಗ್ಗೆ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಅವಳ ಶಾಲು ಈಗಲೂ ಬಾಲ್ಕನಿಯಲ್ಲಿ ನೇತಾಡುತ್ತಿದೆ.

ಕೊಡಗಿನ ಕಾಫಿ

ಚಟ್ನಿಪುಡಿ ಒಯ್ದಿದ್ದಿರಾ?

ಹಾಸನದ ಹುಡುಗ

ಒಯ್ದಿದ್ದೆವು, ಶೇಂಗಾ ಪುಡಿ. ಎರಡನೇ ಗೆಣಸಿಗೆ ಅವಳು ಡಬ್ಬಿ ಬಿಚ್ಚಿದಳು. ಟೇಬಲಿನವರೆಲ್ಲ ಬೆರಳು ಅದ್ದಿದರು. ಯಜಮಾನರೂ ಬಂದು ನೆಕ್ಕಿ ‘ಪಿಕಾ, ಪಿಕಾ’ ಅಂತ ನೀರು ಕುಡಿದರು. ಆಮೇಲೆ ಬಿಫೆಯ ತುಣುಕಿನ ಮೇಲೆ ಉದುರಿಸಿಕೊಂಡು ಮತ್ತೆ ತಿಂದರು. ಡಬ್ಬಿ ಅಲ್ಲೇ ಬಿಟ್ಟು ಬಂದೆವು. ಈಗ ಟೀಮಿನ ಹುಡುಗಿ ಅದನ್ನು ಮಾಡುವ ವಿಧಾನ ಕೇಳುತ್ತಿದ್ದಾಳೆ. ಬಸವ ಸರ್, ಶೇಂಗಾಕ್ಕೆ ಅಲ್ಲಿ ಏನನ್ನುತ್ತಾರೆ?

ಮುಧೋಳದ ಬಸವ

‘ಮನೀ’ ಅನ್ನುತ್ತಾರೆ. ಕೊನೆಯ ಅಕ್ಷರ ಒತ್ತಿ ಹೇಳಬೇಕು. ನಾನು ಬಂದ ಹೊಸತರಲ್ಲಿ ಒಂದು ಅಂಗಡಿಯ ಮುಂದೆ ‘ಮನೀ, ಕಿಲೋಗೆ ಇಷ್ಟು’ ಅಂತ ಬೋರ್ಡ್ ನೋಡಿ ನಿಂತುಬಿಟ್ಟಿದ್ದೆ. ನಮ್ಮ ಕಡೆ ಮನೆಗೆ ಮನಿ ಅನ್ನುತ್ತೇವಲ್ಲ. ಅರ್ಧ ಕಿಲೋ ತೂಕ ಮಾಡಿಸಿಕೊಂಡು ಬಂದೆ.